ಮಳೆ ರಜೆಗೆ ಹಳೇ ಗೇಮು

ಜುಲೈ ತಿಂಗಳಲ್ಲಿ ಸುಬ್ರಹ್ಮಣ್ಯ, ಗುತ್ತಿಗಾರು, ಬಿಳಿನೆಲೆ ಕಡೆ ಒಂದು ಮರ ಲೈನಿನ ಮೇಲೆ ಬಿತ್ತೆಂದರೆ ಕರೆಂಟು ಹೋಯಿತು, ಅದರ ಬೆನ್ನಿಗೆ ನೆಟ್ಟೂ ಹೋಯಿತು. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರಿರುತ್ತಾರೆ. ಮಕ್ಕಳ ಮೊಬೈಲ್ ಗೇಮುಗಳಲ್ಲಿ ಮುಕ್ಕಾಲು ಪಾಲು ನೆಟ್ಟಿಲ್ಲದೆ ತೆರೆಯುವುದೇ ಇಲ್ಲ. ಹಿಂದೆ ಆಟಿ ತಿಂಗಳು ಬಂತೆಂದರೆ ಚೆನ್ನೆಮಣೆ ಹೊರಗೆ ಬರುತ್ತಿದ್ದ ಹಾಗೆ, ಈಗ ಹೊರಗೆ ತೆಗೆಯಬೇಕಾದದ್ದು ಇಪ್ಪತ್ತು-ಮೂವತ್ತು ವರ್ಷ ಹಿಂದಿನ ಕಂಪ್ಯೂಟರ್ ಗೇಮುಗಳನ್ನು. ಅವಕ್ಕೆ ನೆಟ್ ಬೇಡ, ದುಬಾರಿ ಲ್ಯಾಪ್‌ಟಾಪ್ ಬೇಡ. 1990ರಲ್ಲಿ ಡಾಸ್‌ಗೆ ಬಂದ ಪ್ರಿನ್ಸ್ ಆಫ್ ಪರ್ಷಿಯಾ ಈಗಿನ ಮೊಬೈಲಿನ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ. ಆದರೆ ಸಿದ್ಧತೆಯೆಲ್ಲ ಪತ್ತನಾಜೆಗೆ ಮೊದಲೇ ಮುಗಿಯಬೇಕು. ನೆಟ್ ಹೋದ ಮೇಲೆ ಡೌನ್‌ಲೋಡ್ ಮಾಡಲು ಕೂತರೆ ಆಗುವ ಕೆಲಸವಲ್ಲ.

ಅಟ್ಟದ ಕಂಪ್ಯೂಟರ್ ಇದ್ದರೆ

ಹಳೆಯ ಡೆಸ್ಕ್‌ಟಾಪನ್ನು ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ನಮ್ಮ ಕಡೆಯ ತೇವಕ್ಕೆ ಒಳಗೆ ಬೂಷ್ಟು ಹಿಡಿದಿರುತ್ತದೆ, ಇರುವೆ-ಹಲ್ಲಿ ಸಂಸಾರ ಹೂಡಿರುತ್ತವೆ. ಮುಚ್ಚಳ ತೆಗೆದು, ಬ್ರಶ್‌ನಲ್ಲಿ ಧೂಳು ಹೊಡೆದು, ಬಿಸಿಲಿರುವ ದಿನ ಗಾಳಿಯಾಡುವ ಕಡೆ ಇಟ್ಟು, ಆಮೇಲೆ ಹಚ್ಚಿ. ಪ್ರತಿ ಸಲವೂ ದಿನಾಂಕ ತಪ್ಪು ತೋರಿಸಿದರೆ ಒಳಗಿನ ಗುಂಡಿಯಂಥ ಸೆಲ್ ಸತ್ತಿದೆ ಎಂದರ್ಥ. ಸಿಆರ್ 2032 ಎಂದು ಕೇಳಿದರೆ ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರ್ ಎದ್ದಿತೆಂದರೆ ಮೊದಲ ಕೆಲಸ ಗೇಮಿನ ಫೋಲ್ಡರುಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಡುವುದು, ಯಾಕೆಂದರೆ ಹಳೇ ಹಾರ್ಡ್‌ಡಿಸ್ಕ್ ನಾಳೆಯೂ ತಿರುಗೀತೆಂಬ ಭರವಸೆಯಿಲ್ಲ. ಹಳೇ ಫೈಲಿನ ಜತೆ ಹಳೇ ವೈರಸ್ಸೂ ಬರಬಹುದು, ಹೊಸ ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಮಾಡಿಯೇ ತೆರೆಯಿರಿ. ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರವನ್ನು ನೆಟ್ಟಿಗೆ ಜೋಡಿಸಲೇಬೇಡಿ. ಅದಕ್ಕೆ ಮೈಕ್ರೋಸಾಫ್ಟ್‌ನ ರಕ್ಷಣೆ 2014ರ ಏಪ್ರಿಲ್‌ನಲ್ಲೇ ನಿಂತಿದೆ.

ಸಿಡಿಗಳಿದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತು ಹಾಕಿ ಒರೆಸಬೇಡಿ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಯಾರಿಂದಲಾದರೂ ಕಡ ತಂದು ಪ್ರತಿ ಸಿಡಿಯನ್ನೂ ಐಎಸ್‌ಒ ಫೈಲ್ ಮಾಡಿಕೊಳ್ಳಿ. ವಿಂಡೋಸ್ 8ರಿಂದ ಈಚೆಗೆ ಆ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಸಿಡಿ ಹಾಕಿದಂತೆಯೇ ತೆರೆಯುತ್ತದೆ.

ಡಾಸ್ ಗೇಮೋ, ವಿಂಡೋಸ್ ಗೇಮೋ?

"ಹಳೇ ಗೇಮು ಓಡುತ್ತಿಲ್ಲ" ಎಂದಷ್ಟೇ ಹೇಳಿದರೆ ಪುತ್ತೂರಿನ ಅಂಗಡಿಯವರಾಗಲಿ ಸುಳ್ಯದಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನಾಗಲಿ ಏನೂ ಮಾಡಲಾರರು. ಗೇಮಿನ ಹೆಸರು ಮತ್ತು ವರ್ಷ, ನಿಮ್ಮ ವಿಂಡೋಸ್ ಯಾವುದು, ತೆರೆಯ ಮೇಲೆ ಬಂದ ತಪ್ಪು ಸಂದೇಶದ ಫೋಟೋ: ಇಷ್ಟು ಕೊಟ್ಟರೆ ಉತ್ತರ ಸಿಗುತ್ತದೆ. ಈಗಿನ 64 ಬಿಟ್ ವಿಂಡೋಸ್, ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳನ್ನು ಮುಟ್ಟುವುದೇ ಇಲ್ಲ. ತೊಂಬತ್ತರ ದಶಕದ ಗೇಮುಗಳ ಹೆಚ್ಚಿನ ಗೋಳಿಗೆ ಇದೇ ಮೂಲ.

ಡಾಸ್ ಗೇಮಿಗೆ ಮದ್ದು ಡಾಸ್‌ಬಾಕ್ಸ್. ಉಚಿತ, ಸಣ್ಣದು. ಅದನ್ನು ಹಾಕಿಕೊಂಡ ಮೇಲೆ ಕಪ್ಪು ಪರದೆಯಲ್ಲಿ ಆಜ್ಞೆ ಬರೆಯುತ್ತ ಕೂರಬೇಕಿಲ್ಲ. ಗೇಮಿನ ಇಎಕ್ಸ್‌ಇ ಫೈಲನ್ನು ಎಳೆದು ಡಾಸ್‌ಬಾಕ್ಸ್ ಐಕಾನಿನ ಮೇಲೆ ಬಿಟ್ಟರೆ ಸಾಕು. ಗೇಮು ವಿಪರೀತ ವೇಗವಾಗಿ ಓಡಿದರೆ ಕಂಟ್ರೋಲ್ ಜತೆ ಎಫ್11, ನಿಧಾನವಾದರೆ ಕಂಟ್ರೋಲ್ ಜತೆ ಎಫ್12. ಪೂರ್ಣ ಪರದೆಗೆ ಆಲ್ಟ್ ಮತ್ತು ಎಂಟರ್. ಮೌಸ್ ಒಳಗೇ ಸಿಕ್ಕಿಕೊಂಡರೆ ಕಂಟ್ರೋಲ್ ಜತೆ ಎಫ್10. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಒತ್ತಬೇಕಾಗುತ್ತದೆ.

ವಿಂಡೋಸ್ 98, ಎಕ್ಸ್‌ಪಿ ಕಾಲದ ಗೇಮಾದರೆ ಫೈಲಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಎಕ್ಸ್‌ಪಿ ಆರಿಸಿ ನೋಡಿ. ಅಸಲಿ ಸಿಡಿ ಇದ್ದೂ ಓಡದಿದ್ದರೆ ಅದರಲ್ಲಿ ಸೇಫ್‌ಡಿಸ್ಕ್ ಎಂಬ ಬೀಗ ಇರಬಹುದು. ವಿಂಡೋಸ್ 10ರಿಂದೀಚೆಗೆ ಮೈಕ್ರೋಸಾಫ್ಟ್ ಅದನ್ನು ಹೊರಗಿಟ್ಟಿದೆ. ಅಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಹೊಸ ಆವೃತ್ತಿ ಕೊಳ್ಳುವುದು ಲೇಸು.

ಎಲ್ಲಿಂದ ತರುವುದು

2008ರಲ್ಲಿ ಶುರುವಾದ ಜಿಒಜಿ ಎಂಬ ಜಾಲತಾಣ ಹಳೇ ಗೇಮುಗಳನ್ನು ಈಗಿನ ವಿಂಡೋಸ್‌ಗೆ ಹೊಂದಿಸಿ ಮಾರುತ್ತದೆ. ಒಮ್ಮೆ ಇಳಿಸಿಕೊಂಡರೆ ಆಡಲು ನೆಟ್ ಬೇಡ, ಹಾಗಾಗಿ ಮಲೆಯ ಬುಡದ ನಮಗೆ ನನ್ನ ಮೊದಲ ಶಿಫಾರಸು ಅದೇ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಡಾಸ್ ಗೇಮುಗಳನ್ನು ಬ್ರೌಸರಿನಲ್ಲೇ ಆಡಬಹುದು. ಇಷ್ಟವಾಗುತ್ತದೋ ಇಲ್ಲವೋ ನೋಡಲು ಅದು ಸಾಕು. ರೈಲು-ಬಸ್ಸು ವ್ಯವಹಾರ ನಡೆಸುವ ಓಪನ್‌ಟಿಟಿಡಿ ಸಂಪೂರ್ಣ ಉಚಿತ. ಹಳೆಯದಾದ ಮಾತ್ರಕ್ಕೆ ಗೇಮಿನ ಹಕ್ಕುಸ್ವಾಮ್ಯ ಮುಗಿದಿಲ್ಲ, ಇದು ನೆನಪಿರಲಿ. ನಿಮ್ಮದೇ ಅಸಲಿ ಸಿಡಿಗೆ ಕಾಪು ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ ಕಾಯ್ದೆ ಬಿಡುತ್ತದೆ, ಊರಿಗೆಲ್ಲ ಹಂಚಲು ಬಿಡುವುದಿಲ್ಲ. ಒಂದೇ ಪುಟದಲ್ಲಿ ನಾಲ್ಕು ಡೌನ್‌ಲೋಡ್ ಗುಂಡಿ ತೋರಿಸುವ ಕಡೆಯಿಂದ ಮಾತ್ರ ಏನನ್ನೂ ತರಬೇಡಿ ಮಾರಾಯ್ರೆ.

ಯಾರಿಗೆ ಯಾವುದು

ಪ್ರಿನ್ಸ್ ಆಫ್ ಪರ್ಷಿಯಾ ನನ್ನ ಲೆಕ್ಕದಲ್ಲಿ ಇಂದಿಗೂ ಹಳತಾಗಿಲ್ಲ. ಅದನ್ನು ರಚಿಸಿದ ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಹಾರಿಸಿ ಚಿತ್ರೀಕರಿಸಿ, ಆ ಚಲನೆಯನ್ನೇ ರಾಜಕುಮಾರನಿಗೆ ತೊಡಿಸಿದರು. ಆ ನಡಿಗೆಯ ಸಹಜತೆಗೆ ಕಾರಣ ಅದು. ಹೊಸಬರಿಗೆ ಹೇಳಿಕೊಡಬೇಕಾದ ಗುಟ್ಟು ಶಿಫ್ಟ್ ಕೀಲಿ: ಅದನ್ನು ಒತ್ತಿ ನಡೆದರೆ ಹೆಜ್ಜೆ ಜಾಗ್ರತೆಯಾಗಿ ಬೀಳುತ್ತದೆ, ಜಿಗಿದಾಗ ಅಂಚು ಕೈಗೆ ಸಿಗುತ್ತದೆ. ಮೊದಲ ಹಂತ ದಾಟಿದ ಮೇಲೆ ಇಂಗ್ಲಿಷ್ ಅಕ್ಷರಗಳಿರುವ ಶೀಶೆಗಳ ಕೋಣೆ ಬಂದರೆ ಗಾಬರಿ ಬೇಡ, ಅದು ಕಳ್ಳಪ್ರತಿ ತಡೆಯಲು ಇಟ್ಟ ಪರೀಕ್ಷೆ. ಉತ್ತರ ಗೇಮಿನ ಕೈಪಿಡಿಯಲ್ಲಿದೆ. ಮೂರನೇ ಹಂತದಿಂದ ಕಂಟ್ರೋಲ್ ಮತ್ತು ಜಿ ಒತ್ತಿ ಆಟ ಉಳಿಸಿಕೊಳ್ಳಬಹುದು. ಅರವತ್ತು ನಿಮಿಷದ ಗಡುವು ಇರುವುದರಿಂದ ಎಂಟು ವರ್ಷದ ಮಕ್ಕಳಿಗೆ ಕಷ್ಟ. ಕೊನೆಯ ಕಡೆ ಎದುರಾಗುವ ನೆರಳನ್ನು ಏನು ಮಾಡಬೇಕೆಂದು ಮಾತ್ರ ಯಾರಿಗೂ ಹೇಳಿಬಿಡಬೇಡಿ. ಸಿಕ್ಕಿಬಿದ್ದವರಿಗೆ ಸುಳಿವು ಕೊಡಿ, ಉತ್ತರ ಕೊಡಬೇಡಿ.

ಸಣ್ಣ ಮಕ್ಕಳಿಗೆ ಡೇಂಜರಸ್ ಡೇವ್ ವಾಸಿ. ಹತ್ತೇ ಹಂತ, ಕಪ್ ತೆಗೆದುಕೊಂಡರೆ ಬಾಗಿಲು ತೆರೆಯುತ್ತದೆ, ಅಷ್ಟೇ ನಿಯಮ. ಹೈಸ್ಕೂಲಿನವರಿಗೆ ಮತ್ತು ಮನೆಗೆ ಬಂದ ಭಾವಂದಿರಿಗೆ 1999ರ ಏಜ್ ಆಫ್ ಎಂಪಾಯರ್ಸ್ 2. ಎರಡು ಲ್ಯಾಪ್‌ಟಾಪನ್ನು ಒಂದೇ ರೌಟರಿಗೆ ಜೋಡಿಸಿದರೆ ಹಳೇ ಆವೃತ್ತಿಯನ್ನು ನೆಟ್ ಇಲ್ಲದೆಯೂ ಇಬ್ಬರು ಆಡಬಹುದು. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಡೈರೆಕ್ಟ್‌ಪ್ಲೇಗೆ ಗುರುತು ಹಾಕಬೇಕು, ಅದನ್ನು ನೆಟ್ ಇರುವಾಗಲೇ ಮಾಡಿಡಿ. 2019ರ ಡೆಫಿನಿಟಿವ್ ಆವೃತ್ತಿ ಚಂದವಿದೆ, 2022ರ ಸೇರ್ಪಡೆಯಲ್ಲಿ ದ್ರಾವಿಡರ ಪಡೆಯೂ ಬಂದಿದೆ, ಆದರೆ ಅದಕ್ಕೆ ಹತ್ತಾರು ಜಿಬಿ ಜಾಗ ಬೇಕು. ವೈಸ್ ಸಿಟಿಯನ್ನು ನಾವು ಕಾಲೇಜಿನಲ್ಲಿ ಆಡಿದ್ದೆವೆಂದು ಮಕ್ಕಳಿಗೆ ಕೊಡಬೇಡಿ. ಅದು ದೊಡ್ಡವರಿಗೆಂದೇ ಮಾಡಿದ ಆಟ. ರೋಡ್ ರ‍್ಯಾಶ್? ಪಕ್ಕದ ಸವಾರನಿಗೆ ಸರಪಳಿಯಲ್ಲಿ ಬಾರಿಸುವುದು ನನಗೀಗಲೂ ಖುಷಿ, ಆದರೆ ಬೈಕಿಗೆ ಆಸೆಪಡುವ ವಯಸ್ಸಿನವರ ಮುಂದೆ ಹೊಗಳಲಾರೆ. ಯಾವುದನ್ನೇ ಶಿಫಾರಸು ಮಾಡುವ ಮೊದಲು ಅರ್ಧ ಗಂಟೆ ಈಗ ಆಡಿ ನೋಡಿ, ನೆನಪಿನಲ್ಲಿ ಎಲ್ಲ ಗೇಮೂ ಚಂದವೇ.

ಇನ್ನು ಸಿಡಿಲು. ಮೇ ತಿಂಗಳ ಸಂಜೆ, ಅಕ್ಟೋಬರಿನ ಸಂಜೆ ಗುಡುಗು ಕೇಳಿದ ಕೂಡಲೇ ಡೆಸ್ಕ್‌ಟಾಪಿನ ಪ್ಲಗ್ ಎಳೆದಿಡಿ. ತಾಮ್ರದ ತಂತಿಯ ಕಾಲದಲ್ಲಿ ಮೋಡೆಮ್ ಸುಟ್ಟುಕೊಳ್ಳದ ಮನೆ ಕಡಿಮೆ. ಈಗಿನ ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಅಡಾಪ್ಟರ್ ಮೂಲಕ ಬರುವುದು ಬಂದೇ ಬರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಆಡಿ.