ಹಂತಕ ತಿಗಣೆಗಳ ಗುರುತು: ಸೊಂಡಿಲು, ಕುಡಿಮೀಸೆ, ಬಣ್ಣ

ತಿಗಣೆ ಎಂದೊಡನೆ ಹಾಸಿಗೆಯ ಸಂದಿನಲ್ಲಿ ಅಡಗುವ ಕೀಟವೇ ನೆನಪಿಗೆ ಬರುವುದು ಸಹಜವಾದರೂ, ಕೀಟಶಾಸ್ತ್ರದಲ್ಲಿ ಆ ಹೆಸರು ಚುಚ್ಚಿ ಹೀರುವ ಬಾಯಿಯುಳ್ಳ ದೊಡ್ಡ ಬಳಗವೊಂದಕ್ಕೆ ಸಲ್ಲುತ್ತದೆ. ಆ ಬಳಗದ ರೆಡುವಿಡೀ ಕುಟುಂಬಕ್ಕೆ ಸೇರಿದ, ಸುಮಾರು 7000 ಪ್ರಭೇದಗಳಿರುವ ಹಂತಕ ತಿಗಣೆಗಳು ಇತರ ಕೀಟಗಳನ್ನು ಹಿಡಿದು, ಅವುಗಳ ಮೈಯೊಳಕ್ಕೆ ವಿಷಭರಿತ ಜೊಲ್ಲನ್ನು ಇಳಿಸಿ, ಕರಗಿದ ಒಳಭಾಗವನ್ನು ಹೀರಿ ಬದುಕುತ್ತವೆ. ಇದೇ ಕುಟುಂಬದ ಟ್ರಯಾಟೊಮಿನೇ ಎಂಬ ಉಪಕುಟುಂಬ ಮಾತ್ರ ಬೇಟೆಯನ್ನು ಬಿಟ್ಟು ಹಕ್ಕಿ, ಇಲಿ, ಮನುಷ್ಯರ ರಕ್ತಕ್ಕೆ ಒಗ್ಗಿಕೊಂಡಿದ್ದು, ಲ್ಯಾಟಿನ್ ಅಮೆರಿಕದಲ್ಲಿ ಚಾಗಸ್ ರೋಗದ ಪರಾವಲಂಬಿ ಜೀವಿಯನ್ನು ತನ್ನ ಮಲದ ಮೂಲಕ ಹರಡುತ್ತದೆ. ಬ್ರೆಜಿಲಿನ ವೈದ್ಯ ಕಾರ್ಲೋಸ್ ಚಾಗಸ್ 1909ರಲ್ಲಿ ಈ ರೋಗವನ್ನು ವಿವರಿಸಿದಂದಿನಿಂದ, ಮಣ್ಣಿನ ಗೋಡೆಯ ಬಿರುಕಿನಲ್ಲಿ ಸಿಕ್ಕ ತಿಗಣೆ ಯಾವುದೆಂಬ ಪ್ರಶ್ನೆ ಸಂಗ್ರಹಾಲಯಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ.

ಇವುಗಳನ್ನು ಬೇರ್ಪಡಿಸುವ ಕೆಲಸದಲ್ಲಿ ಪಳಗಿದವರು ಕೀಟವನ್ನು ಮೊದಲು ಬೆನ್ನ ಮೇಲೆ ಮಲಗಿಸುತ್ತಾರೆ, ಏಕೆಂದರೆ ನಿರ್ಣಾಯಕವಾದ ಮೊದಲ ಸಾಕ್ಷ್ಯ ತಲೆಯ ಅಡಿಭಾಗದಲ್ಲಿದೆ. ಚುಚ್ಚುವ ಕೊಳವೆಯಾದ ಸೊಂಡಿಲು ಬೇಟೆಗಾರ ತಿಗಣೆಗಳಲ್ಲಿ ಸಾಮಾನ್ಯವಾಗಿ ದಪ್ಪವಾಗಿದ್ದು, ತಲೆಯಿಂದ ದೂರ ಸರಿದು ಕುಡುಗೋಲಿನಂತೆ ಬಾಗಿರುತ್ತದೆ. ರಕ್ತ ಹೀರುವವುಗಳಲ್ಲಿ ಅದು ತೆಳ್ಳಗೆ, ನೇರವಾಗಿ, ತಲೆಯ ಅಡಿಗೆ ಅಂಟಿಕೊಂಡಂತೆ ಮಲಗಿರುತ್ತದೆ. ಎರಡರಲ್ಲೂ ಸೊಂಡಿಲಿಗೆ ಹೊರಗೆ ಕಾಣುವ ಗಂಟುಗಳು ಮೂರೇ ಆಗಿದ್ದರೆ, ಗಿಡದ ರಸ ಹೀರುವ ತಿಗಣೆಗಳಲ್ಲಿ ನಾಲ್ಕು ಗಂಟುಗಳಿರುತ್ತವೆ. ಹಂತಕ ತಿಗಣೆಗಳ ಸೊಂಡಿಲಿನ ತುದಿ ಸಾಮಾನ್ಯವಾಗಿ ಮುಂಗಾಲುಗಳ ನಡುವೆ ಎದೆಯ ಮೇಲಿರುವ ಗೀರುಗೀರಾದ ಕಾಲುವೆಯೊಂದರಲ್ಲಿ ಕೂರುತ್ತದೆ. ಕೀಟವನ್ನು ಹಿಡಿದಾಗ ಕೇಳುವ ಸಣ್ಣ ಕಿರಿಕಿರಿ ಸದ್ದು ಸೊಂಡಿಲು ಆ ಗೀರುಗಳ ಮೇಲೆ ಉಜ್ಜುವುದರಿಂದ ಹುಟ್ಟುವಂಥದು.

ರಕ್ತ ಹೀರುವ ಉಪಕುಟುಂಬದೊಳಗೆ ಕುಲಗಳನ್ನು ಬಿಡಿಸಲು ನೋಡಬೇಕಾದದ್ದು ಕುಡಿಮೀಸೆಯ ಬುಡ. ತಲೆಯ ಎರಡು ಪಕ್ಕಗಳಿಂದ ಹೊರಡುವ, ಮುಟ್ಟಿ ಮೂಸಿ ತಿಳಿಯುವ ಈ ಎಳೆಗಳು ರೋಡ್ನಿಯಸ್ ಕುಲದಲ್ಲಿ ಉದ್ದನೆಯ ತಲೆಯ ಬಹುತೇಕ ತುದಿಯಲ್ಲೇ ನಾಟಿಕೊಂಡಿರುತ್ತವೆ. ಟ್ರಯಾಟೊಮ ಕುಲದಲ್ಲಿ ಅವು ಕಣ್ಣಿಗೂ ತಲೆಯ ತುದಿಗೂ ನಡುಮಧ್ಯದಲ್ಲಿರುತ್ತವೆ. ಪ್ಯಾನ್‌ಸ್ಟ್ರಾಂಜಿಲಸ್ ಕುಲದಲ್ಲಿ ತಲೆ ಗಿಡ್ಡವಾಗಿ, ಅಗಲವಾಗಿ, ಕುಡಿಮೀಸೆಯ ಬುಡ ಕಣ್ಣಿಗೆ ಹತ್ತಿಕೊಂಡಂತಿರುತ್ತದೆ. ಸಾಧಾರಣ ಭೂತಗನ್ನಡಿಯಲ್ಲೇ ಕಾಣುವ ಈ ಒಂದು ಅಂತರ ಅನೇಕ ಪುಟಗಳ ವರ್ಣನೆಗಿಂತ ಬೇಗ ಉತ್ತರ ಕೊಡುತ್ತದೆಯಾದರೂ, ಅದು ಬೆಳೆದ ಕೀಟಗಳಿಗೆ ಹೊಂದುವ ಅಳತೆ. ರೆಕ್ಕೆ ಮೂಡದ ಮರಿಗಳು ಐದು ಹಂತಗಳನ್ನು ದಾಟುವಾಗ, ಪೊರೆ ಕಳಚಿದಂತೆಲ್ಲ ತಲೆಯ ಪ್ರಮಾಣವೂ ಬದಲಾಗುವುದರಿಂದ, ಪ್ರೌಢ ಕೀಟಕ್ಕೆಂದು ಬರೆದ ಗುರುತಿನ ಸೂತ್ರವನ್ನು ಮರಿಗೆ ಹಚ್ಚಿದವರು ದಾರಿ ತಪ್ಪುವುದೇ ಹೆಚ್ಚು.

ಕಣ್ಣನ್ನು ಮೊದಲು ಸೆಳೆಯುವ ಬಣ್ಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕಾಗುತ್ತದೆ. ಮಡಿಚಿದ ರೆಕ್ಕೆಗಳ ಆಚೆಗೆ ಉದರದ ಎರಡೂ ಬದಿಗಳಲ್ಲಿ ಚಾಚಿಕೊಂಡಿರುವ ಚಪ್ಪಟೆ ಅಂಚಿಗೆ ಕನೆಕ್ಸೈವಮ್ ಎಂದು ಹೆಸರಿದ್ದು, ಅದರ ಮೇಲಿನ ಹಳದಿ, ಕೆಂಪು, ಕಪ್ಪು ಪಟ್ಟೆಗಳ ಜೋಡಣೆಯೇ ಪ್ರಭೇದಗಳ ಗುರುತಿಗೆ ಹೆಚ್ಚು ಬಳಕೆಯಾಗುತ್ತದೆ. ಆದರೆ ದಕ್ಷಿಣ ಅಮೆರಿಕದ ಮನೆಗಳ ಮುಖ್ಯ ರೋಗವಾಹಕವಾದ ಟ್ರಯಾಟೊಮ ಇನ್‌ಫೆಸ್ಟನ್ಸ್‌ನಲ್ಲಿ ಹಳದಿ-ಕಪ್ಪು ಪಟ್ಟೆಗಳು ಎದ್ದು ಕಾಣುವಂತಿದ್ದರೂ, ಬೊಲಿವಿಯಾದ ಚಾಕೊ ಪ್ರದೇಶದ ಕಾಡುಗಳಲ್ಲಿ ಅದೇ ಪ್ರಭೇದ ಕಪ್ಪು ಮೈಬಣ್ಣದಲ್ಲಿ ಸಿಗುತ್ತದೆ. ಇಲ್ಲಿ ಬಣ್ಣ ಬೇರೆ, ಪ್ರಭೇದ ಒಂದೇ. ಈಶಾನ್ಯ ಬ್ರೆಜಿಲಿನ ಒಣನಾಡಿನಲ್ಲಿ ನಡೆದದ್ದು ಇದಕ್ಕೆ ಸರಿಯಾಗಿ ವಿರುದ್ಧ. ಅಲ್ಲಿಯ ಟ್ರಯಾಟೊಮ ಬ್ರೆಸಿಲಿಯೆನ್ಸಿಸ್‌ನ ಬಣ್ಣಭೇದಗಳನ್ನು ಒಂದೇ ಪ್ರಭೇದದ ಒಳವ್ಯತ್ಯಾಸಗಳೆಂದು ಬಹುಕಾಲ ಎಣಿಸಲಾಗಿತ್ತಾದರೂ, ಮುಂದೆ ಸಂಕರ ಪರೀಕ್ಷೆ ಹಾಗೂ ಅಣುಮಟ್ಟದ ಅಧ್ಯಯನಗಳ ಆಧಾರದ ಮೇಲೆ ಟ್ರಯಾಟೊಮ ಮೆಲಾನಿಕ 2006ರಲ್ಲಿ, ಟ್ರಯಾಟೊಮ ಜುಆಜೈರೆನ್ಸಿಸ್ 2007ರಲ್ಲಿ ಪ್ರತ್ಯೇಕ ಪ್ರಭೇದಗಳ ಸ್ಥಾನ ಪಡೆದವು. ಹೀಗೆ ಬಣ್ಣ ಅನುಮಾನವನ್ನು ಎಬ್ಬಿಸಬಲ್ಲದೇ ಹೊರತು ತೀರ್ಪು ಕೊಡಲಾರದು, ಆ ತೀರ್ಪಿಗೆ ಅಂಗರಚನೆಯನ್ನೂ, ಬೇಕಾದಲ್ಲಿ ಇಂಥ ಪರೀಕ್ಷೆಗಳನ್ನೂ ಆಶ್ರಯಿಸಬೇಕಾಗುತ್ತದೆ.

ಅಂಗರಚನೆಗೂ ಮಿತಿಯುಂಟು. ವೆನೆಜುವೆಲಾ ಮತ್ತು ಕೊಲಂಬಿಯಾದ ಹುಲ್ಲುಮಾಡಿನ ಮನೆಗಳಲ್ಲಿ ನೆಲೆಸುವ ರೋಡ್ನಿಯಸ್ ಪ್ರೊಲಿಕ್ಸಸ್ ಮತ್ತು ಅಮೆಜಾನಿನ ತಾಳೆಜಾತಿಯ ಮರಗಳಲ್ಲಿ ಬದುಕುವ ರೋಡ್ನಿಯಸ್ ರೊಬಸ್ಟಸ್ ಹೊರನೋಟಕ್ಕೆ ಎಷ್ಟು ಸಮೀಪವೆಂದರೆ, ಅವನ್ನು ನೆಚ್ಚಿ ಬೇರ್ಪಡಿಸಲು ಡಿಎನ್‌ಎ ಪರೀಕ್ಷೆಯ ನೆರವು ಬೇಕಾಗುತ್ತದೆ. ಈ ಭೇದ ಕೇವಲ ಪಾಂಡಿತ್ಯದ ಮಾತಲ್ಲ: ಮನೆಯಲ್ಲೇ ಬೀಡುಬಿಟ್ಟ ತಿಗಣೆಯನ್ನು ಗೋಡೆಗೆ ಕೀಟನಾಶಕ ಹೊಡೆದು ಇಲ್ಲವಾಗಿಸಬಹುದು, ಮರದ ಮೇಲಿರುವುದು ಮತ್ತೆ ಮತ್ತೆ ಹಾರಿ ಬರುತ್ತದೆ.

ಭಾರತದಲ್ಲಿ ಚಾಗಸ್ ರೋಗಾಣುವಿನ ಸಹಜ ಹರಡುವಿಕೆ ಇಲ್ಲದಿದ್ದರೂ ರಕ್ತ ಹೀರುವ ಹಂತಕ ತಿಗಣೆಗಳು ಇಲ್ಲದಿಲ್ಲ. ಇಲಿಗಳ ಬೆನ್ನುಹತ್ತಿ, ಹಡಗುಗಳ ಮೂಲಕ ಉಷ್ಣವಲಯದ ಬಂದರುಗಳಿಗೆಲ್ಲ ಹಬ್ಬಿದ ಟ್ರಯಾಟೊಮ ರುಬ್ರೊಫ್ಯಾಸಿಯೇಟ ಇಲ್ಲಿಯೂ ಇದ್ದು, ಕಪ್ಪು-ಕಂದು ಮೈಗೆ ಎದೆಯ ಮೇಲ್ಫಲಕದ ಬದಿಗಳಲ್ಲೂ ಉದರದ ಅಂಚಿನಲ್ಲೂ ಕಿತ್ತಳೆಗೆಂಪು ಗೆರೆ ಹೊಂದಿದೆ. ಭಾರತವನ್ನು ಬಿಟ್ಟು ಬೇರೆಲ್ಲೂ ಕಾಣದ, ಕೀಟಶಾಸ್ತ್ರಜ್ಞ ಡಿಸ್ಟಂಟ್ 1904ರಲ್ಲಿ ಹೆಸರಿಟ್ಟ ಲಿನ್‌ಶ್ಕಾಸ್ಟಿಯಸ್ ಕುಲವಂತೂ ಗುರುತು ಹಿಡಿಯುವವರಿಗೆ ಹಬ್ಬ: ಅದರ ಸೊಂಡಿಲು ಎದೆಯ ತನಕ ತಲುಪುವುದೇ ಇಲ್ಲ, ಸದ್ದು ಮಾಡುವ ಕಾಲುವೆಯೂ ಅದಕ್ಕಿಲ್ಲ.

ಕರ್ನಾಟಕದ ಹೊಲಗಳಲ್ಲಿ ಕೆಂಪು-ಕಪ್ಪು ಮೈಯ ಹಂತಕ ತಿಗಣೆ ಕಂಡರೆ ಅದು ಬಹುಮಟ್ಟಿಗೆ ಬೇಟೆಗಾರ ಗುಂಪಿಗೆ ಸೇರಿದ್ದೆಂದು ತಿಳಿಯಬಹುದು. ದಕ್ಷಿಣ ಭಾರತದ ಅಂಥ ಒಂದು ಪ್ರಭೇದವಾದ ರೈನೊಕೋರಿಸ್ ಮಾರ್ಜಿನೇಟಸ್‌ನಲ್ಲಿ ಉದರದ ಅಂಚು ಪೂರ್ತಿ ಕೆಂಪಾಗಿರುವ, ಪೂರ್ತಿ ಕಪ್ಪಾಗಿರುವ ಹಾಗೂ ಎರಡೂ ಬೆರೆತಿರುವ ಮೂರು ರೂಪಗಳಿರುವುದರಿಂದ, ಇಲ್ಲಿಯೂ ಬಣ್ಣವನ್ನು ನಂಬಿ ಮೂರು ಹೆಸರು ಬರೆದುಕೊಳ್ಳುವ ಅಪಾಯವಿದೆ. ಬಾಗಿದ ದಪ್ಪ ಸೊಂಡಿಲಿನ ಈ ಕೀಟಗಳು ಬೆಳೆ ತಿನ್ನುವ ಹುಳುಗಳನ್ನು ಹೀರಿ ಕೊಲ್ಲುವುದರಿಂದ ರೈತರು ಅವನ್ನು ಹೊಸಕದೆ ಬಿಡುವುದು ಲೇಸು. ಆದರೆ ಅವುಗಳ ಚುಚ್ಚು ಬಹಳ ನೋವು ಕೊಡುವುದರಿಂದ ಬರಿಗೈಯಲ್ಲಿ ಹಿಡಿಯಬಾರದು.