ಕಾಲುವೆ ಏರಿಯ ಮೇಲೆ ದೂರದ ಓಟ

ಕಾಲುವೆ ಏರಿಯ ಮೇಲಿನ ದೂರದ ಓಟದಲ್ಲಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಓಟಗಾರರಿಗೆ ಇದು ಹೊಸದು. ತೋಟ ಕಣಿವೆಯಲ್ಲಿ, ಮನೆ ಅದರ ತಲೆಯ ಮೇಲೆ, ಡಾಂಬರು ರಸ್ತೆ ಇನ್ನೂ ಮೇಲೆ ಇರುವ ಸೀಮೆಯಿದು. ಮನೆಯಂಗಳ ದಾಟಿದರೆ ಸಾಕು, ದಿಬ್ಬ ಎದುರಾಗುತ್ತದೆ. ಬನವಾಸಿ ಕಡೆಯ ವರದಾ ಬಯಲು ತುಸು ಸಪಾಟು, ಅಷ್ಟೆ. ಕಾಲುವೆ ಬೇಕೆಂದರೆ ಘಟ್ಟದ ಸೆರಗಿನಾಚೆ, ಮುಂಡಗೋಡ ತಾಲೂಕಿನ ಧರ್ಮಾ ಜಲಾಶಯದಿಂದ ಹಾನಗಲ್ ಕಡೆಗೆ ನೀರು ಹರಿಯುವಲ್ಲಿಗೆ ಹೋಗಬೇಕು. ಹಳೆಯ ದೊಡ್ಡ ನಾಲೆಯೇ ಬೇಕೆಂದರೆ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಿದೆ: ಕನ್ನಂಬಾಡಿ ಕಟ್ಟೆಯ ನೀರು ಹೊತ್ತು 1930ರ ದಶಕದಲ್ಲಿ ಹರಿಯತೊಡಗಿದ, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಕಾಲುವೆ.

ಇಂಗ್ಲೆಂಡಿನ ಕಾಲುವೆ ದಂಡೆಯ ಹಾದಿ ಹುಟ್ಟಿದ್ದು ಕುದುರೆಗಳು ಹಗ್ಗ ಕಟ್ಟಿ ದೋಣಿ ಎಳೆಯಲೆಂದು. ನಮ್ಮ ನಾಲೆಗಳಲ್ಲಿ ದೋಣಿಯಿಲ್ಲ. ಏರಿಯ ದಾರಿ ನೀರಗಂಟಿಗೆ, ಎಂಜಿನಿಯರರ ಜೀಪಿಗೆ, ಗಾಡಿ ಎತ್ತಿಗೆ. ನಮ್ಮ ಏರಿ ಸಪಾಟಾಗಿರಲು ಕಾರಣ ನೀರೇ. ಇಳಿಜಾರು ಹೆಚ್ಚಾದರೆ ಹರಿವು ಮಣ್ಣನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಹಾಗಾಗಿ ದೊಡ್ಡ ಮಣ್ಣಿನ ಕಾಲುವೆಗಳಿಗೆ ಸಾವಿರಾರು ಅಡಿಗೆ ಒಂದಡಿಯಷ್ಟೇ ಇಳಿತ ಕೊಡುತ್ತಾರೆ. ಗುಡ್ಡ ಎದುರಾದರೆ ನಾಲೆ ಸುತ್ತಿ ಹೋಗುತ್ತದೆ, ಇಲ್ಲವೇ ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆಯಲ್ಲಿ ಆದಂತೆ ಸುರಂಗ ಹೊಗುತ್ತದೆ. ಎದುರಿಗೆ ಕಾಣುವ ಊರು ಗಂಟೆ ಕಳೆದರೂ ಹತ್ತಿರವಾಗದಿರುವುದು ಈ ಸುತ್ತಿನಿಂದಲೇ.

ಸಪಾಟು ಹಾದಿ ಸುಲಭವೆಂಬ ನಂಬಿಕೆ ಮೊದಲ ಹತ್ತು ಕಿಲೋಮೀಟರು ಮಾತ್ರ ಉಳಿಯುತ್ತದೆ. ಘಟ್ಟದಲ್ಲಿ ಹತ್ತುವಾಗ ಮೀನಖಂಡ ಮತ್ತು ಪಿರ್ರೆ ದುಡಿಯುತ್ತವೆ, ಇಳಿಯುವಾಗ ತೊಡೆಯ ಮುಂಭಾಗ. ಒಂದು ದುಡಿಯುವಾಗ ಇನ್ನೊಂದು ಸುಧಾರಿಸಿಕೊಳ್ಳುತ್ತದೆ. ಕಡಿದಾದ ಏರಿನಲ್ಲಿ ನಡೆದರೆ ಯಾರೂ ನಗುವುದಿಲ್ಲ. ಏರಿಯ ಮೇಲೆ ಆ ಪಾಳಿ ಇಲ್ಲ, ನಡೆಯಲು ನೆಪವೂ ಇಲ್ಲ. ಈ ಬರೆಹಗಾರನ ಮೊದಲ ಏರಿ ಓಟ ಕೆಟ್ಟದ್ದು ಹೀಗೆಯೇ: ಉಸಿರು ಹಗುರವಾಗಿದೆಯೆಂದು ವೇಗ ಏರಿಸಿ, ಇಪ್ಪತ್ತನೆಯ ಕಿಲೋಮೀಟರಿನ ಹೊತ್ತಿಗೆ ಎಡಮಂಡಿಯ ಹೊರಬದಿ ಹಿಡಿದು, ತೂಬಿನ ಕಟ್ಟೆಯ ಮೇಲೆ ಕೂರಬೇಕಾಯಿತು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, ‘ಬಸ್ಸು ತಪ್ಪಿತೇನಪ್ಪ?’ ಎಂದು ಕೇಳಿದ್ದಳು.

ನೋವಿಗೆ ಇನ್ನೊಂದು ಕಾರಣ ಏರಿಯ ಓರೆ. ಮೇಲ್ನೋಟಕ್ಕೆ ಮಟ್ಟಸವಾಗಿದ್ದರೂ ಮಳೆನೀರು ಜಾರಲೆಂದು ಅಂಚುಗಳತ್ತ ಬಾಗಿರುತ್ತದೆ. ಒಂದೇ ಅಂಚು ಹಿಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ. ಗಾಡಿಜಾಡಿನ ನಡುವಿನ ದಿಂಡು ವಾಸಿ. ಅದು ಹುಲ್ಲು ಮುಚ್ಚಿದ್ದರೆ ಆಗಾಗ ಬದಿ ಬದಲಿಸಬೇಕು. ದಣಿವಾಗುವ ಮೊದಲೇ, ಇಪ್ಪತ್ತೈದು ನಿಮಿಷಕ್ಕೊಮ್ಮೆ ಎರಡು ನಿಮಿಷ ನಡೆಯುವುದು ಇಲ್ಲದ ದಿಬ್ಬವನ್ನು ತಾನೇ ಕಟ್ಟಿಕೊಂಡಂತೆ.

ನೆರಳೂ ಕಡಿಮೆ. ಕಾಡಿನ ತಂಪಿಗೆ ಒಗ್ಗಿದ ಮೈಗೆ ಒಂಬತ್ತರ ಬಿಸಿಲೇ ಹೆಚ್ಚು, ಆದ್ದರಿಂದ ಬೆಳಕು ಹರಿಯುವಾಗಲೇ ಹೊರಡಬೇಕು. ಪಕ್ಕದಲ್ಲೇ ತುಂಬಿ ಹರಿದರೂ ನಾಲೆಯ ನೀರು ಕುಡಿಯುವುದಕ್ಕಲ್ಲ; ಎಮ್ಮೆ, ಸಾಬೂನು ಎಲ್ಲ ಅಲ್ಲೇ. ಜೋನಿಬೆಲ್ಲ, ಲಿಂಬೆ, ಉಪ್ಪು ಕಲಸಿದ ನೀರಿನ ಬಾಟಲಿ ಒಯ್ಯುವುದು ಒಳ್ಳೆಯದು. ಅಪ್ಪೆಹುಳಿಯೂ ಉಪ್ಪುಪ್ಪಾಗಿ ಹಿತವೇ, ಆದರೆ ಅದು ಉಂಡು ಮಲಗುವವರ ಪಾನೀಯ.

ಬೆಟ್ಟದ ಕಾಲು ಇಲ್ಲಿ ವ್ಯರ್ಥವೇನಲ್ಲ. 1963ರಲ್ಲಿ ಆರಂಭವಾದ ಅಮೆರಿಕದ ಜೆಎಫ್‌ಕೆ 50 ಮೈಲಿ ಓಟ ಮೊದಲು ಅಪಲೇಚಿಯನ್ ಬೆಟ್ಟದ ಕಾಲುದಾರಿಯಲ್ಲಿ ಸಾಗಿ, ಕೆಳಗಿಳಿದ ಮೇಲೆ ಹಳೆಯ ಚೆಸಪೀಕ್–ಒಹಾಯೊ ಕಾಲುವೆಯ ದಂಡೆ ಹಿಡಿದು ಸುಮಾರು 26 ಮೈಲಿ ಹೋಗುತ್ತದೆ. ಬೆಟ್ಟದಲ್ಲಿ ಕಾಲು ಉಳಿಸಿಕೊಂಡವರಿಗೇ ದಂಡೆ ಒಲಿಯುತ್ತದೆ.

ಶಿರಸಿಯಲ್ಲಿದ್ದೇ ತಯಾರಾಗುವವರಿಗೆ ಪಟ್ಟಣದ ಮೈದಾನ ಸಾಕು. 400 ಮೀಟರಿನ ಸುತ್ತಾದರೆ 25 ಸುತ್ತಿಗೆ 10 ಕಿಲೋಮೀಟರು. ಐದು ಸುತ್ತಿಗೊಮ್ಮೆ ದಿಕ್ಕು ಬದಲಿಸಬೇಕು, ಇಲ್ಲದಿದ್ದರೆ ತಿರುವಿನ ಒಳಗಾಲಿಗೆ ಏರಿಯ ಓರೆಯದೇ ಪೆಟ್ಟು.