ಉಸಿರಿನ ಎಣಿಕೆ

ಆಸ್ಪತ್ರೆಯ ಹಾಸಿಗೆಯಲ್ಲಿರುವ ರೋಗಿಯ ಹೃದಯ ಥಟ್ಟನೆ ನಿಂತುಹೋದರೆ ಅದನ್ನು ಆಕಸ್ಮಿಕವೆನ್ನುವುದು ವಾಡಿಕೆ. ಆದರೆ ಅನೇಕ ಪ್ರಸಂಗಗಳಲ್ಲಿ ಅದಕ್ಕೆ ಹಲವು ಗಂಟೆಗಳ ಮುನ್ನವೇ ನಾಡಿ, ಉಸಿರಾಟ, ರಕ್ತದೊತ್ತಡಗಳಲ್ಲಿ ಏರುಪೇರು ಕಾಣಿಸಿಕೊಂಡಿರುತ್ತದೆ. ರೋಗಿಯ ಪಟ್ಟಿಯಲ್ಲಿ ಅದು ದಾಖಲಾಗಿಯೂ ಇರಬಹುದು. ಅದರ ಅರ್ಥವನ್ನು ಗ್ರಹಿಸುವವರು ಮಾತ್ರ ಇರುವುದಿಲ್ಲ.

ಈ ಲೋಪವನ್ನು ನೀಗಿಸಲು ಬ್ರಿಟನ್ನಿನಲ್ಲಿ ನಡೆದ ಪ್ರಯತ್ನವು ಅಧ್ಯಯನಯೋಗ್ಯವಾಗಿದೆ. ಬೇರೆ ಬೇರೆ ಆಸ್ಪತ್ರೆಗಳು ತಮ್ಮ ತಮ್ಮ ರೀತಿಯಲ್ಲಿ ಅಪಾಯವನ್ನು ಅಳೆಯುತ್ತಿದ್ದ ಕಾರಣ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2012ರಲ್ಲಿ ಏಕರೂಪದ ಮುನ್ನೆಚ್ಚರಿಕೆ ಅಂಕಪದ್ಧತಿಯೊಂದನ್ನು ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿತು. ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ದೇಹದ ಉಷ್ಣತೆ, ರಕ್ತದೊತ್ತಡ, ನಾಡಿ, ಪ್ರಜ್ಞಾಸ್ಥಿತಿ ಎಂಬ ಆರಕ್ಕೂ 0ಯಿಂದ 3ರವರೆಗೆ ಅಂಕ. ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ ಇನ್ನೂ 2. ಮೊತ್ತ 5 ಆದರೆ ವೈದ್ಯರು ಶೀಘ್ರವಾಗಿ ಬಂದು ನೋಡತಕ್ಕದ್ದು. 7 ಆದರೆ ಅದು ತುರ್ತುಸ್ಥಿತಿ.

ನ್ಯುಮೋನಿಯಾದಿಂದ ದಾಖಲಾದ ರೋಗಿಯೊಬ್ಬನನ್ನು ಊಹಿಸಿಕೊಳ್ಳೋಣ. ಉಸಿರು ನಿಮಿಷಕ್ಕೆ 24 (2 ಅಂಕ), ಆಮ್ಲಜನಕ ಶೇಕಡಾ 94 (1), ಉಷ್ಣತೆ 38.5 ಸೆಲ್ಸಿಯಸ್ (1), ಮೇಲಿನ ರಕ್ತದೊತ್ತಡ 104 (1), ನಾಡಿ 112 (2). ಮಾತನಾಡಿಸಿದರೆ ಸರಿಯಾಗಿಯೇ ಉತ್ತರಿಸುತ್ತಾನೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸದು. ಕೂಡಿದರೆ 7!

ಇವುಗಳಲ್ಲಿ ಹೆಚ್ಚು ಉಪೇಕ್ಷೆಗೆ ಗುರಿಯಾಗುವುದು ಉಸಿರಾಟವೇ. ಉಳಿದವುಗಳಲ್ಲಿ ಬಹುಪಾಲನ್ನು ಯಂತ್ರ ಹೇಳುತ್ತದೆ. ಉಸಿರನ್ನು ಸಾಮಾನ್ಯ ವಾರ್ಡಿನಲ್ಲಿ ಗಡಿಯಾರ ಹಿಡಿದು ಪೂರ್ಣ ಒಂದು ನಿಮಿಷ ಎಣಿಸಬೇಕು. ಕೆಲಸದ ಒತ್ತಡದಲ್ಲಿ ದಾದಿಯು ಎಣಿಸದೆ ಅಂದಾಜಿನಿಂದ ಬರೆದುಬಿಡುವುದುಂಟು. ಎಣಿಸುತ್ತಿರುವುದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಆದುದರಿಂದ ಅನುಭವಿಗಳು ನಾಡಿ ನೋಡುವವರಂತೆ ಮಣಿಕಟ್ಟನ್ನು ಹಿಡಿದುಕೊಂಡೇ ಎದೆಯ ಏರಿಳಿತವನ್ನು ಗಮನಿಸುತ್ತಾರೆ. ಇಷ್ಟು ಅಗ್ಗದ, ಇಷ್ಟು ಬೆಲೆಬಾಳುವ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ವಿರಳ.

ಹದಿನಾರು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಈ ಪದ್ಧತಿ ಅನ್ವಯಿಸದು. ಅಂಕ ಕಡಿಮೆಯಿದ್ದರೂ ರೋಗಿಯ ಸ್ಥಿತಿ ಚಿಂತಾಜನಕವೆನಿಸಿದರೆ ದಾದಿಯು ವೈದ್ಯರನ್ನು ಕರೆಯಬಹುದು, ಕರೆಯಲೇಬೇಕು. ಕರೆದಾಗ, ಅದು ನಡುರಾತ್ರಿಯಾದರೂ, ಬರುವವರಿಲ್ಲದಿದ್ದರೆ ಪಟ್ಟಿಯು ಬರಿಯ ಕಾಗದ.

2017ರ ಪರಿಷ್ಕರಣದಲ್ಲಿ ಹೊಸದಾಗಿ ತಲೆದೋರಿದ ಬುದ್ಧಿಗಲಿಬಿಲಿಗೆ ಪೂರ್ಣ 3 ಅಂಕಗಳನ್ನು ವಿಧಿಸಲಾಯಿತು. ಮುದುಕರ ಅಸಂಬದ್ಧ ಮಾತನ್ನು ವಯೋಸಹಜವೆಂದು ತಳ್ಳಿಹಾಕುವುದು ಸುಲಭ; ಅದು ಹೊಸದೋ ಹಳೆಯದೋ ಎಂಬುದನ್ನು ಹೇಳಬಲ್ಲವರು ಹಾಸಿಗೆಯ ಪಕ್ಕದಲ್ಲಿ ಕುಳಿತ ಮನೆಯವರೇ.